ಮಾಸ್ಟ್ರ ಮೇಜಿನಿಂದ ಮಕ್ಕಳ ಬೆಂಚಿಗೆ

ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮಾಸ್ಟ್ರಾಗಿದ್ದೆ. ಆಗ ಕಂಪ್ಯೂಟರೆಂದರೆ ಬೀಗ ಹಾಕಿದ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಒಂದು ಮೌಸಿಗೆ ನಾಲ್ಕೈದು ಕೈ. ಕೇರಳದ ಶಾಲೆಗಳಿಗೆ ಈ ವಿದ್ಯೆ ತಂದದ್ದು 2001ರ ಐಟಿ ಅಟ್ ಸ್ಕೂಲ್ ಯೋಜನೆ. ಅದಕ್ಕೆ ದಾರಿ ಹಾಕಿದ ಕಾರ್ಯಪಡೆಯ ಮುಖ್ಯಸ್ಥರು ಉಡುಪಿ ಸೀಮೆಯ ವಿಜ್ಞಾನಿ ಯು. ಆರ್. ರಾವ್ ಎಂದು ಸ್ಟಾಫ್‌ರೂಮಿನಲ್ಲಿ ನಾನು ಜಂಬದಿಂದಲೇ ಹೇಳುತ್ತಿದ್ದೆ.

2018ರಲ್ಲಿ ಹೈಟೆಕ್ ಯೋಜನೆ ಶುರುವಾಯಿತು. ರಾಜ್ಯದ 45,000 ತರಗತಿಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು. ನಮ್ಮಲ್ಲಿ ಲ್ಯಾಪ್‌ಟಾಪು ಬಂದು ಕೂತದ್ದು ಮಾಸ್ಟ್ರ ಮೇಜಿನ ಮೇಲೆ. ವಿಡಿಯೊ ಹಾಕಿದರೆ ಮಕ್ಕಳು ಆಟ ನೋಡಲು ಬಂದವರ ಹಾಗೆ ಕೂರುತ್ತಿದ್ದರು. ಗಲಾಟೆ ನಿಂತಿತು, ಹೌದು, ಪ್ರಶ್ನೆಗಳೂ ನಿಂತವು. ಇದನ್ನು ಕಲಿಕೆ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಹತ್ತನೆಯ ಕ್ಲಾಸಿನ ವೃತ್ತದ ಪಾಠ ಬಂದಾಗ ಲ್ಯಾಪ್‌ಟಾಪನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿದೆ. ಜಿಯೋಜಿಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ವೃತ್ತ, ಅದರ ವ್ಯಾಸ, ಎರಡು ತುದಿಗೂ ಸೇರಿಸಿದ ಒಂದು ಬಿಂದು. ಕಂಪಾಸ್ ಪೆಟ್ಟಿಗೆಯನ್ನೇ ತಾರದ ಹುಡುಗನೊಬ್ಬ ಬಿಂದುವನ್ನು ವೃತ್ತದ ಹೊರಗೆಳೆದ, ಅಲ್ಲಿನ ಕೋನ ಇಳಿಯಿತು. ಒಳಕ್ಕೆ ತಂದ; ಏರಿತು. "ಸಾರ್, ಗೆರೆ ಮೇಲಿಟ್ರೆ ಮಾತ್ರ ತೊಂಬತ್ತು!" ಎಂದು ಕೂಗಿದ. ಅಷ್ಟು ವರ್ಷ ಬೋರ್ಡಿನ ಮೇಲೆ ನಾನು ಬಿಡಿಸಿದ್ದು ಗೆರೆ ಮೇಲಿನ ಬಿಂದುವನ್ನೇ. ಸೀಮೆಸುಣ್ಣದ ಬಿಂದುವನ್ನು ಎಳೆಯಲು ಬರುವುದಿಲ್ಲವಲ್ಲ! ಹೊರಗಿಟ್ಟರೆ ಏನಾದೀತು ಎಂದು ಯಾರೂ ಕೇಳಿರಲೂ ಇಲ್ಲ. ಆಮೇಲೆ "ಯಾಕೆ ಹಾಗೆ?" ಎಂದು ಸಾಧಿಸಿ ತೋರಿಸಲು ಮಾತ್ರ ಪೆನ್ಸಿಲು, ಕಾಗದವೇ ಬೇಕಾಯಿತು. ಅದನ್ನು ಯಂತ್ರ ಮಾಡಿಕೊಡಲಿಲ್ಲ.

ಯಂತ್ರ ಕೈಕೊಟ್ಟರೆ ಚಿಂತೆಯಿರಲಿಲ್ಲ. ಶಾಲಾಮಕ್ಕಳ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸಿನ ಹುಡುಗಿಯರು ಪ್ರೊಜೆಕ್ಟರಿನ ವಯರು ಸರಿಮಾಡಲು ನಮಗಿಂತ ಮುಂದೆ ಓಡುತ್ತಿದ್ದರು. ಶಾಲೆಯ ಕಂಪ್ಯೂಟರುಗಳಲ್ಲಿದ್ದ ಗ್ನೂ ಲಿನಕ್ಸ್ ಅವರಿಗೆ ಮನೆಮಾತಾಗಿತ್ತು.

ನಮ್ಮ ದೊಡ್ಡ ತಾಪತ್ರಯ ಬೇರೆ. ಸಿಗುತ್ತಿದ್ದ ವಿಡಿಯೊ, ಚಿತ್ರಗಳೆಲ್ಲ ಹೆಚ್ಚಾಗಿ ಮಲಯಾಳದವು. ಪುಸ್ತಕ ಕನ್ನಡ, ಪರದೆ ಮಲಯಾಳ. ಮಧ್ಯೆ ನಿಂತು ಅನುವಾದ ಮಾಡುವವನು ಮಾಸ್ಟ್ರು. ರಾತ್ರಿ ಕೂತು ಚಿತ್ರಗಳಿಗೆ ಕನ್ನಡ ಹೆಸರು ಹಾಕಿದವರು ನಮ್ಮಲ್ಲಿ ಹಲವರಿದ್ದಾರೆ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, 2020ರ ಜೂನ್ 1ರಂದು, ಕೇರಳದ ಶಿಕ್ಷಣ ಚಾನೆಲಾದ ವಿಕ್ಟರ್ಸಿನಲ್ಲಿ ಫಸ್ಟ್ ಬೆಲ್ ಪಾಠಗಳು ಆರಂಭವಾದ ಮೇಲೆ ಕನ್ನಡದಲ್ಲೂ ಪಾಠಗಳು ತಯಾರಾದವು. ಆದರೆ ಎಷ್ಟೋ ಮಕ್ಕಳ ಮನೆಯಲ್ಲಿ ಪಾಠ ನೋಡಲು ಇದ್ದದ್ದು ಒಂದೇ ಫೋನು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು.

ಇನ್ನು ಮುಂದೆ ಲ್ಯಾಪ್‌ಟಾಪು ಕೊಡುವುದಾದರೆ ಸರಕಾರ ಮಕ್ಕಳ ಬೆಂಚಿಗೇ ಕೊಡಲಿ, ಜೊತೆಗೆ ಕನ್ನಡದ ಪಾಠಗಳನ್ನೂ ತುಂಬಿಸಿ ಕೊಡಲಿ. ಅಂಥ ಪಾಠ ಮಾಡಿಟ್ಟಿರುವ ಕರ್ನಾಟಕದ ಮೇಷ್ಟ್ರುಗಳು ಗಡಿಯಾಚೆಯ ನಮ್ಮ ಶಾಲೆಗಳಿಗೂ ಒಂದು ಪ್ರತಿ ಕಳಿಸಬೇಕೆಂದು ಕೇಳಿಕೊಳ್ಳುತ್ತೇನೆ.