ಕೋಡೊಲೆಯ ಕಾವು

ಮಗಳ ಬಾಣಂತನಕ್ಕೆಂದು ಗಳಿಕೆ ರಜೆ ಹಾಕಿ ನಾನು ಅಮೆರಿಕದ ಮಿನಿಯಾಪೊಲಿಸ್‌ಗೆ ಹೋದದ್ದು ಜನವರಿಯಲ್ಲಿ. ಮೆಂತ್ಯದ ಹಿಟ್ಟು, ಅಂಟಿನುಂಡೆ, ಬಜೆ ಎಲ್ಲವನ್ನೂ ಹೊತ್ತು ಹೋಗಿದ್ದೆ. ಆದರೆ ಆ ಮನೆಯಲ್ಲಿ ನನಗೇನು ಕೆಲಸ? ಬಟ್ಟೆ ಒಗೆಯಲು ಒಂದು ಗುಂಡಿ, ಒಣಗಿಸಲು ಇನ್ನೊಂದು. ನಾನು ಕೈ ಚಾಚಿದರೆ ಸಾಕು, "ಅಮ್ಮಾ, ಅದನ್ನ ಮುಟ್ಟಬೇಡ, ನಾನೇ ಮಾಡ್ತೀನಿ" ಎನ್ನುತ್ತಿದ್ದಳು. ವರ್ಷಗಟ್ಟಲೆ ಶಾಲೆಯ ಮಕ್ಕಳಿಗೆ "ಮುಟ್ಟಬೇಡಿ" ಎಂದವಳಿಗೆ ಆ ಮಾತು ತಿರುಗಿ ಬಂದಿತ್ತು.

ಮಗುವಿಗೆ ಹದಿನೈದು ದಿನವಾದಾಗ ಡಾಕ್ಟರಿಗೆ ತೋರಿಸಲು ಹೊರಟೆವು. ಹೊರಗೆ ಮೈನಸ್ 20 ಡಿಗ್ರಿ. ನಾನು ಹೆಣೆದ ದಪ್ಪ ಸ್ವೆಟರನ್ನು ಮಗಳು ಬಿಚ್ಚಿಟ್ಟಳು. ಕಾರಿನ ಸೀಟಿನಲ್ಲಿ ಮಗುವಿಗೆ ದಪ್ಪ ಬಟ್ಟೆ ಹಾಕಿದರೆ ಪಟ್ಟಿ ಮೈಗೆ ಬಿಗಿಯಾಗಿ ಕೂರುವುದಿಲ್ಲ. ಪಟ್ಟಿ ಬಿಗಿದ ಮೇಲೆ ಹೊದಿಕೆ ಹೊದಿಸಬೇಕಂತೆ. ಸರಿ, ಒಪ್ಪಿದೆ. ಹಾಗಾದರೆ ಕಾರಾದರೂ ಬೆಚ್ಚಗಿರಬೇಡವೇ?

ಹೀಟರಿನ ಫ್ಯಾನು ಬುಸುಗುಟ್ಟುತ್ತಿತ್ತು, ಬರುವ ಗಾಳಿ ಮಾತ್ರ ಮಂಜು. "ಎಂಜಿನ್ ಬಿಸಿಯಾದ್ರೆ ಸರಿಹೋಗತ್ತೆ ಅತ್ತೆ" ಎಂದರು ಅಳಿಯ. ಹತ್ತು ನಿಮಿಷವಾಯಿತು. ಹೆದ್ದಾರಿಯಲ್ಲಿ ವೇಗ ಹೆಚ್ಚಿದಾಗ ಕೊಂಚ ಬಿಸಿ, ಸಿಗ್ನಲ್ಲಿನಲ್ಲಿ ನಿಂತರೆ ಮತ್ತೆ ತಣ್ಣಗೆ. ನಾನು ನನ್ನ ಶಾಲನ್ನೂ ಮಗುವಿನ ಕಾಲಿಗೆ ಹೊದಿಸಿ ಅದರ ಮೂಗು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಆಗ ಮುಂದಿನ ಹಲಗೆಯ ಹಿಂದೆಲ್ಲೋ ಗುಳುಗುಳು ಸದ್ದು ಕೇಳಿತು.

ಆ ಸದ್ದು ನನಗೆ ಹೊಸದೇ? ನಮ್ಮೂರಿನಲ್ಲಿ ಎರಡು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬಿಡುತ್ತಾರೆ. ನೀರಿಗೆ ಮುಂಚೆ ಬರುವುದು ಗಾಳಿ, ಜೊತೆಗೆ ಇದೇ ಸದ್ದು. "ಇದರೊಳಗೆ ನೀರು ಓಡಾಡುತ್ತದೆಯೇ? ಪೈಪಿನಲ್ಲಿ ಗಾಳಿ ಸೇರಿದ ಹಾಗಿದೆಯಲ್ಲ" ಎಂದೆ. ಮಗಳು, "ಅಮ್ಮಾ, ಇದು ಕಾರು, ನಲ್ಲಿಯಲ್ಲ" ಎಂದಳು. ಸುಮ್ಮನಾದೆ. ಅಳಿಯ ಸುಮ್ಮನಾಗಲಿಲ್ಲ.

ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಬಾನೆಟ್ ಎತ್ತಿ ನೋಡಿದರು. ಕೂಲಂಟಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ದ್ರವ ಕೆಳಗಿನ ಗೆರೆಗಿಂತಲೂ ಕೆಳಗಿಳಿದಿತ್ತು. ಬಿಸಿಯಿರುವಾಗ ಅದರ ಮುಚ್ಚಳ ತೆಗೆದರೆ ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆಯಂತೆ. ಪ್ರೆಷರ್ ಕುಕ್ಕರಿನ ಮುಚ್ಚಳವನ್ನು ಅವಸರಪಟ್ಟು ತೆಗೆಯುವವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಅವರು ವಿವರಿಸಿದರು. ಪೆಟ್ರೋಲ್ ಕಾರಿನ ಹೀಟರಿಗೆ ಬೇರೆ ಬೆಂಕಿಯಿಲ್ಲ. ಎಂಜಿನ್ನಿನ ಸುತ್ತ ಹರಿದು ಸುಮಾರು 90 ಡಿಗ್ರಿಗೆ ಕಾದ ಕೂಲಂಟ್, ಮುಂದಿನ ಹಲಗೆಯ ಹಿಂದಿರುವ ಪುಟ್ಟ ರೇಡಿಯೇಟರಿನೊಳಗೆ ಹಾದುಹೋಗುತ್ತದೆ. ಫ್ಯಾನು ಅದರ ಮೇಲೆ ಗಾಳಿ ಊದುತ್ತದೆ, ಅಷ್ಟೇ. ನನಗೆ ಅಜ್ಜಿಯ ಮನೆಯ ಮಣ್ಣಿನ ಒಲೆ ನೆನಪಾಯಿತು. ಅದರ ಕೋಡೊಲೆಗೂ ಬೇರೆ ಸೌದೆ ಇರಲಿಲ್ಲ. ದೊಡ್ಡ ಒಲೆಯಲ್ಲಿ ಮಿಕ್ಕ ಕಾವಿನಲ್ಲೇ ಸಾರು ಬಿಸಿಯಾಗಿರುತ್ತಿತ್ತು. ದ್ರವ ಕಡಿಮೆಯಾಗಿ ಗಾಳಿ ಸೇರಿಕೊಂಡರೆ ಈ ಕೋಡೊಲೆಗೆ ಕಾವು ತಲುಪುವುದಿಲ್ಲ.

ದ್ರವ ಸರಿಯಾಗಿದ್ದೂ ಗಾಳಿ ತಣ್ಣಗಿದ್ದರೆ ಕಾರಣ ಬೇರೆ ಹುಡುಕಬೇಕು. ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಬಿದ್ದರೆ ಎಂಜಿನ್ನೇ ಬಿಸಿಯೇರುವುದಿಲ್ಲ. ಬಿಸಿ, ತಣ್ಣನೆ ಗಾಳಿಯನ್ನು ಬೆರೆಸುವ ಕದ ಕೆಟ್ಟಿರಬಹುದು. ಹೀಟರಿನ ಎರಡು ರಬ್ಬರ್ ಪೈಪುಗಳಲ್ಲಿ ಒಂದು ಬಿಸಿಯಿದ್ದು ಇನ್ನೊಂದು ತಣ್ಣಗಿದ್ದರೆ ಒಳಗೆಲ್ಲೋ ಕಟ್ಟಿಕೊಂಡಿದೆ ಎಂದರ್ಥ.

ನಮ್ಮ ಕಾರಿನಲ್ಲಿ ಪೈಪಿನ ಪಟ್ಟಿ ಸಡಿಲವಾಗಿ ಹನಿಹನಿಯಾಗಿ ಸೋರುತ್ತಿತ್ತು. ಮೆಕ್ಯಾನಿಕ್ ಪೈಪು ಬದಲಿಸಿ, ಕೂಲಂಟ್ ತುಂಬಿ, ಒಳಗಿನ ಗಾಳಿ ಹೊರಹಾಕಿದ. ಹಾಗೇ ಓಡಿಸಿದ್ದರೆ ಎಂಜಿನ್ನೇ ಹಾಳಾಗುತ್ತಿತ್ತೆಂದನಂತೆ. ಚಳಿಯ ಗಾಳಿಯನ್ನು ಬೈದುಕೊಂಡಿದ್ದೆ. ಅದು ಎಚ್ಚರಿಸುತ್ತಿದ್ದದ್ದು ಬೇರೆಯದನ್ನೇ.

ಆ ಸಂಜೆ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಪಾತ್ರೆ ತೊಳೆಯೋ ಮಷೀನು ಕೊರ್‌ಕೊರ್ ಅಂತಿದೆ, ಸ್ವಲ್ಪ ಕೇಳಿ ಹೇಳ್ತೀಯಾ?" ಎಂದಳು. ಅದರಲ್ಲಿ ಸಿಕ್ಕಿಕೊಂಡಿದ್ದದ್ದು ಒಂದು ಚಮಚ. ನಾನೇ ತೆಗೆದೆ. ಮುಟ್ಟಬೇಡ ಎಂದು ಯಾರೂ ಹೇಳಲಿಲ್ಲ.