ಫಾರ್ಮ್ಯಾಟ್‌ಗೆ ಮುಂಚೆ ಒಂದು ನಿಮಿಷ

ಹೊಸಪೇಟೆಯಲ್ಲಿ ನಮ್ಮ ಹಳೇ ಕಂಪ್ಯೂಟರಿಗೆ ಹೊಸ ಮದರ್‌ಬೋರ್ಡ್ ಹಾಕಿಸಿದೆವು. ವಿಂಡೋಸ್ ಬರಲೇ ಇಲ್ಲ, ಬರೀ ಕಪ್ಪು ಪರದೆ. 'ಫಾರ್ಮ್ಯಾಟ್ ಮಾಡಿಬಿಡೋಣ ಸರ್' ಅಂದರು ರಿಪೇರಿಯವರು. ಸಂಡೂರಿನ ಗಣಿ, ಕಂಪ್ಲಿಯ ಭತ್ತದ ಗದ್ದೆ, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗಿನ ಫೋಟೋ, ಎಲ್ಲ ಅದರೊಳಗೇ. ಬೇಡ ಅಂದೆವು.

ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿ ಬಯಾಸ್ ನೋಡಿದರೆ ಡಿಸ್ಕಿನ ಹೆಸರು ಕಾಣಿಸಿತು. ಜೀವ ಬಂತು! ಡಿಸ್ಕ್ ಹಳೇ ಎಂಬಿಆರ್ ಪದ್ಧತಿಯದು, ಬೋರ್ಡ್ ಹುಡುಕುತ್ತಿದ್ದದ್ದು ಹೊಸ ಯುಇಎಫ್‌ಐ ಪದ್ಧತಿಯದನ್ನು. ಸೆಕ್ಯೂರ್ ಬೂಟ್ ಆಫ್, ಸಿಎಸ್‌ಎಂ ಆನ್ ಮಾಡಿದೆವು. ವಿಂಡೋಸ್ ಬಂತು.

ಕೆಲವು ಹೊಸ ಬೋರ್ಡುಗಳಲ್ಲಿ ಸಿಎಸ್‌ಎಂ ಇರುವುದಿಲ್ಲ. ಆಗ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ, ಬೇರೆ ಕಂಪ್ಯೂಟರಿಗೆ ಫೈಲ್ ಇಳಿಸಿಕೊಂಡ ಮೇಲೆಯೇ ಫಾರ್ಮ್ಯಾಟಿಗೆ ಹೂಂ ಅನ್ನಿ. ನಮ್ಮ ವಿಂಡೋಸ್ ಈಗ ಮತ್ತೆ ಆಕ್ಟಿವೇಟ್ ಮಾಡಿ ಅಂತ ಕೇಳುತ್ತಿದೆ, ಕೇಳಲಿ.