ಅಬ್ಬ ಕೀಲಿ ಕೊಡುತ್ತಿದ್ದ ಗಡಿಯಾರ

ದಾಸನಕೊಪ್ಪದ ನಮ್ಮ ಮನೆಯಲ್ಲಿ, ಬೆಳಗಿನ ನಮಾಝ್ ಮುಗಿಸಿ ಬಂದ ಅಬ್ಬ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕೈಗಡಿಯಾರಕ್ಕೆ ಕೀಲಿ ಕೊಡುವುದು. 'ಫೇವರ್ ಲ್ಯೂಬಾ' ಕಂಪೆನಿಯ ಸೀ ಕಿಂಗ್. ನಾವು ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ.

ಆ ಹೆಸರಿನ ಹಿಂದೆ ಎರಡು ಮನೆತನಗಳಿವೆ ಎಂದು ನನಗೆ ತಿಳಿದದ್ದು ತೀರಾ ಇತ್ತೀಚೆಗೆ. ಸ್ವಿಟ್ಜರ್ಲೆಂಡಿನ ಅಬ್ರಹಾಂ ಫೇವರ್ ಗಡಿಯಾರ ಮಾಡುವವನೆಂದು 1737ರ ದಾಖಲೆ ಹೇಳುತ್ತದೆ. 1815ರಲ್ಲಿ ಲ್ಯೂಬಾ ಮನೆಯವರು ಪಾಲುದಾರರಾದರು. ಫೇವರ್ ಮನೆಯ ಎಂಟು ತಲೆಮಾರು ಇದೇ ಕಸುಬಿನಲ್ಲಿ ಬದುಕಿತು. ಅವರ ಗಡಿಯಾರಗಳು ಹತ್ತೊಂಬತ್ತನೇ ಶತಮಾನದಲ್ಲೇ ಮುಂಬಯಿಗೆ ಬಂದಿದ್ದವು. 1962ರಲ್ಲಿ ಬೆಟ್ಟ ಹತ್ತುವವರಿಗಾಗಿ ಎತ್ತರ ತೋರಿಸುವ ಕೈಗಡಿಯಾರವನ್ನೂ ಮಾಡಿದರು. ಆದರೆ 1969ರಲ್ಲಿ ಜಪಾನಿನ ಸೀಕೋ ಕ್ವಾರ್ಟ್ಜ್ ಕೈಗಡಿಯಾರ ತಂದಿತು. ಕೀಲಿಯೇ ಬೇಡದ ಗಡಿಯಾರಗಳು ಅಗ್ಗವಾಗುತ್ತಾ ಬಂದಂತೆ ಇವರಿಗೆ ಕಷ್ಟವಾಯಿತು. 1980ರ ದಶಕದಲ್ಲಿ ಕಂಪೆನಿ ಮನೆತನದ ಕೈತಪ್ಪಿತು. 2011ರಲ್ಲಿ ನಮ್ಮ ಟೈಟಾನ್ ಅದನ್ನು ಕೊಂಡಿತು, 2023ರಲ್ಲಿ ಇಥೋಸ್.

ನಮ್ಮ ಮನೆಯಲ್ಲಿ ಎರಡನೇ ತಲೆಮಾರಿಗೇ ಜಗಳ! ಅಬ್ಬ ತೀರಿಕೊಂಡಾಗ ಭಾಯಿ ಗಡಿಯಾರ ಕೇಳಿದರು. "ಅಬ್ಬನ ಕೈ ನಡುಗುವಾಗ ಕೀಲಿ ಕೊಟ್ಟವಳು ಇವಳು" ಎಂದು ಅಮ್ಮಿ ಅದನ್ನು ನನಗೆ ಕೊಟ್ಟರು. ಎರಡು ಈದ್ ಕಳೆದರೂ ಭಾಯಿ ನಮ್ಮ ಮನೆಗೆ ಬರಲಿಲ್ಲ.

ಮೊನ್ನೆ ಗಡಿಯಾರ ನಿಂತಿತು. ಬಿಡಿಭಾಗ ಸಿಗುವುದಿಲ್ಲವೆಂದು ಶಿರಸಿಯ ರಿಪೇರಿಯವರು ಕೈಚೆಲ್ಲಿದರು. ಯಾರಿಗೆ ಹೇಳಲಿ? ಭಾಯಿಗೇ ಫೋನ್ ಮಾಡಿದೆ. ತುಸು ಹೊತ್ತು ಮಾತಿಲ್ಲ. ಆಮೇಲೆ, "ಹುಬ್ಬಳ್ಳಿಯಲ್ಲಿ ಹಳೆಯ ಕೆಲಸಗಾರರೊಬ್ಬರು ಇದ್ದಾರೆ, ಕಳಿಸು" ಎಂದರು.

ಕಳಿಸಲಿಲ್ಲ. ಈ ಭಾನುವಾರ ನಾನೇ ತೆಗೆದುಕೊಂಡು ಭಾಯಿಯ ಮನೆಗೆ ಹೊರಟಿದ್ದೇನೆ.